ಮುಕ್ತ ಪರವಾನಗಿ, ಹಕ್ಕುಸ್ವಾಮ್ಯ ಮತ್ತು ಅಂತರ್ಜಾಲ ಶಿಕ್ಷಣ: ಸಿಂಧನೂರು, ಮಸ್ಕಿ, ಲಿಂಗಸುಗೂರು

ಕೃತಿಯ ಒಡೆತನವನ್ನು ತನ್ನಲ್ಲೇ ಉಳಿಸಿಕೊಂಡು, ಇದನ್ನು ಯಾರು ಬೇಕಾದರೂ ಓದಿ, ಪ್ರತಿ ಮಾಡಿ, ತಿದ್ದಿ, ಹಂಚಿ ಎಂದು ಕರ್ತೃ ಮೊದಲೇ ಬರೆದುಕೊಡುವ ಒಪ್ಪಿಗೆಗೆ ಮುಕ್ತ ಪರವಾನಗಿ ಎಂದು ಹೆಸರು. ಅಂತರ್ಜಾಲದಲ್ಲಿ ಕಾಸಿಲ್ಲದೆ ಸಿಗುವ ಪಾಠವೆಲ್ಲ ಈ ಅರ್ಥದಲ್ಲಿ ಮುಕ್ತವಲ್ಲ. ಪಠ್ಯಪುಸ್ತಕದ ಪಿಡಿಎಫ್ ಬಿಟ್ಟಿ ಸಿಗುತ್ತದೆ. ಅದರ ಒಂದು ಅಧ್ಯಾಯಕ್ಕೆ ಊರಿನ ಉದಾಹರಣೆ ಸೇರಿಸಿ ಮತ್ತೆ ಅಚ್ಚು ಹಾಕುವ ಅನುಮತಿ ಮಾತ್ರ ಅದರ ಜೊತೆ ಬರುವುದಿಲ್ಲ. ಬಿಟ್ಟಿ ಎಂಬುದು ದುಡ್ಡಿನ ಮಾತು, ಮುಕ್ತ ಎಂಬುದು ಹಕ್ಕಿನ ಮಾತು. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಪದಗಳಿವೆ. ಆದರೂ ಶಾಲೆಯಲ್ಲಿ, ಕೋಚಿಂಗ್ ಕೇಂದ್ರದಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ ಎರಡನ್ನೂ ‘ಫ್ರೀ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತೇವೆ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯ ಮೇಲಿರುವ ಮೂರು ತಾಲ್ಲೂಕು ಕೇಂದ್ರಗಳು. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ, ಮುದಗಲ್ಲಿನ ಕೋಟೆ ಇವೆ. ಮಸ್ಕಿ ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿದ್ದು, ಈಚೆಗೆ ತಾನೇ ತಾಲ್ಲೂಕಾಗಿದೆ. ಹಕ್ಕುಸ್ವಾಮ್ಯದಂಥ ನಗರದ ವಿಷಯಕ್ಕೂ ಈ ಊರುಗಳಿಗೂ ಏನು ಸಂಬಂಧ ಎಂದು ಕೇಳುವವರು ಮೊದಲು ಮಸ್ಕಿಯ ಗುಡ್ಡ ಹತ್ತಬೇಕು.

ಒಂದೇ ಬಂಡೆಗೆ ಎಷ್ಟು ಒಡೆಯರು

1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಈ ಸೀಮೆಯಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದಾಗ ಮಸ್ಕಿಯ ಗುಡ್ಡದಲ್ಲಿ ಬ್ರಾಹ್ಮಿ ಲಿಪಿಯ ಬರಹ ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಅರಸ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿ ಅದರ ಪಾಠವನ್ನು ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ಶಾಸನತಜ್ಞ ಹುಲ್ಚ್ 1925ರಲ್ಲಿ ಅಶೋಕನ ಶಾಸನಗಳ ಸಂಪುಟಕ್ಕೆ ಅದನ್ನು ಸೇರಿಸಿಕೊಂಡರು.

ಮಸ್ಕಿಯ ಪ್ರೌಢಶಾಲೆಯ ಒಬ್ಬ ಮೇಷ್ಟ್ರು ಈ ಶಾಸನದ ಬಗ್ಗೆ ಅಂತರ್ಜಾಲ ಪಾಠವೊಂದನ್ನು ಕಟ್ಟಲು ಕೂತರು ಎಂದುಕೊಳ್ಳೋಣ. ಶಾಸನದ ಮೂಲ ಪಾಠಕ್ಕೆ ಒಡೆಯರಿಲ್ಲ. ಅದು ಸಾರ್ವಜನಿಕ ಸ್ವತ್ತು. ಹುಲ್ಚ್ ತೀರಿಕೊಂಡು ನೂರು ವರ್ಷಗಳ ಹತ್ತಿರವಾಯಿತು, ಅವರ ಅನುವಾದವೂ ಮುಕ್ತ. ಕಳೆದ ಕೆಲವು ದಶಕಗಳಲ್ಲಿ ಬಂದ ಕನ್ನಡ ಅನುವಾದಗಳಿಗೆ ಹಕ್ಕುದಾರರಿದ್ದಾರೆ. ಬಂಡೆಯ ಫೋಟೊ ಅದನ್ನು ತೆಗೆದವರದು, ಕಳೆದ ವಾರ ಮೊಬೈಲಿನಲ್ಲಿ ತೆಗೆದಿದ್ದರೂ ಅಷ್ಟೇ. ಹೀಗೆ ಎರಡು ಸಾವಿರ ವರ್ಷ ಮೀರಿದ ಕಲ್ಲಿನ ಮೇಲೆ ಇವತ್ತಿನ ಹಕ್ಕುಗಳು ಪದರ ಪದರವಾಗಿ ಕೂತಿವೆ. ಮೇಷ್ಟ್ರು ಕೇಳಬೇಕಾದದ್ದು ‘ಇದು ಹಳೆಯದೇ?’ ಎಂದಲ್ಲ, ‘ಇದರ ಯಾವ ಪದರವನ್ನು ನಾನು ಬಳಸುತ್ತಿದ್ದೇನೆ?’ ಎಂದು.

ವಚನಗಳ ವಿಷಯದಲ್ಲೂ ಹೀಗೆಯೇ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆಂದು ಪ್ರತೀತಿ. ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಗಂಡನ ಕೈಯಲ್ಲಿ ವಾಪಸು ಸುರಿಸಿ ಬಂದ ಲಕ್ಕಮ್ಮನ ವಚನಗಳ ಮೇಲೆ ಯಾರ ಸ್ವಾಮ್ಯವೂ ಇಲ್ಲ. ಓಲೆಗರಿಗಳಿಂದ ವಚನಗಳನ್ನು ಹೆಕ್ಕಿ ಅಚ್ಚಿಗೆ ತಂದ ಫ. ಗು. ಹಳಕಟ್ಟಿ 1964ರಲ್ಲಿ ತೀರಿಕೊಂಡರು. ಅವರ ಬರಹಗಳು 2025ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತು. ರಾಜ್ಯ ಸರ್ಕಾರ 1993ರಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದ ಲೆಕ್ಕ ಬೇರೆ. ಸರ್ಕಾರಿ ಪ್ರಕಟಣೆಗೆ ಪ್ರಕಟವಾದ ವರ್ಷದಿಂದ 60 ವರ್ಷ ಹಕ್ಕು ಇರುವುದರಿಂದ ಅದರ ಮುನ್ನುಡಿ, ಟಿಪ್ಪಣಿ, ಅನುಬಂಧಗಳು 2053ರ ಕೊನೆಯವರೆಗೆ ಸರ್ಕಾರದವು. ಹಳೆಯ ಪಠ್ಯದ ಸಂಪಾದನೆಗೆ ಎಷ್ಟರ ಮಟ್ಟಿಗೆ ಹಕ್ಕು ಹುಟ್ಟುತ್ತದೆ ಎಂಬುದು ಚರ್ಚೆಯ ವಿಷಯ. ನ್ಯಾಯಾಲಯದ ತೀರ್ಪುಗಳನ್ನು ಅಚ್ಚು ಮಾಡುವ ಈಸ್ಟರ್ನ್ ಬುಕ್ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2007ರ ಡಿಸೆಂಬರಿನಲ್ಲಿ ಹೇಳಿದ್ದು ಇಷ್ಟು: ಬರೀ ಬೆವರು ಸುರಿಸಿದರೆ ಸಾಲದು, ಕನಿಷ್ಠ ಮಟ್ಟದ ಸ್ವಂತ ಬುದ್ಧಿಯ ಕೆಲಸವಾದರೂ ಕಾಣಬೇಕು.

ಇದೇ ಲೆಕ್ಕ ಕೆಲವೊಮ್ಮೆ ಅನುಕೂಲಕ್ಕೂ ಬರುತ್ತದೆ. ಮುದಗಲ್ಲಿನ ಹತ್ತಿರದ ಪಿಕಳಿಹಾಳದ ನವಶಿಲಾಯುಗದ ನೆಲೆಯ ಬಗ್ಗೆ ಎಫ್. ಆರ್. ಆಲ್ಚಿನ್ ಬರೆದ ಉತ್ಖನನ ವರದಿಯನ್ನು ಆಂಧ್ರ ಪ್ರದೇಶ ಸರ್ಕಾರ 1960ರಲ್ಲಿ ಪ್ರಕಟಿಸಿತು. ಲೇಖಕರೊಂದಿಗೆ ಬೇರೆ ಒಪ್ಪಂದ ಇರದಿದ್ದರೆ ಅದು 2021ರಿಂದ ಮುಕ್ತ. ಅದನ್ನು ಕನ್ನಡಕ್ಕೆ ತರುವುದಕ್ಕೆ ಕಾನೂನು ಅಡ್ಡ ಬರುವುದಿಲ್ಲ. ತರುವವರು ಬೇಕು, ಅಷ್ಟೇ.

ಕಾನೂನು ಮೇಷ್ಟ್ರಿಗೆ ಕೊಟ್ಟದ್ದು

ಭಾರತದ ಹಕ್ಕುಸ್ವಾಮ್ಯ ಅಧಿನಿಯಮ 1957ರದು, ಜಾರಿಗೆ ಬಂದದ್ದು 1958ರ ಜನವರಿ 21ರಂದು. ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ವೃತ್ತದೊಳಗೆ ಸಿ ಹಾಕುವುದೂ ಕಡ್ಡಾಯವಲ್ಲ. ಅವಧಿ ಲೇಖಕರ ಜೀವಮಾನ ಮತ್ತು ಆಮೇಲೆ 60 ವರ್ಷ. ಮೊದಲು ಅದು 50 ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಮೇಲಿನ ವಿಶ್ವಭಾರತಿಯ ಹಕ್ಕು 1991ರ ಕೊನೆಗೆ ಮುಗಿಯಬೇಕಿದ್ದಾಗ ಹತ್ತು ವರ್ಷ ಹೆಚ್ಚಿಸಿದರು. ಒಬ್ಬ ಕವಿಗಾಗಿ ಮಾಡಿದ ತಿದ್ದುಪಡಿ ಎಲ್ಲ ಭಾಷೆಗಳ ಎಲ್ಲ ಲೇಖಕರಿಗೂ ಅನ್ವಯಿಸಿತು. ಮಂಜೇಶ್ವರದ ಗೋವಿಂದ ಪೈ 1963ರಲ್ಲಿ ತೀರಿಕೊಂಡರು. ಅವರ ಕೃತಿಗಳು 2014ಕ್ಕೆ ಮುಕ್ತವಾಗಬೇಕಿದ್ದದ್ದು 2024ಕ್ಕೆ ಆದವು.

ತರಗತಿಯ ಮಟ್ಟಿಗೆ ಈ ಕಾನೂನು ನಾವು ಅಂದುಕೊಂಡಷ್ಟು ಬಿಗಿಯಾಗಿಲ್ಲ. 52ನೇ ಕಲಂ ಹಕ್ಕಿನ ಉಲ್ಲಂಘನೆ ಅಲ್ಲದ ಬಳಕೆಗಳ ಉದ್ದ ಪಟ್ಟಿ. ಬೋಧನೆಯ ಅವಧಿಯಲ್ಲಿ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಪ್ರತಿ ಮಾಡಿಕೊಂಡರೆ ತಪ್ಪಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಪದ್ಯ ಕೊಡಬಹುದು, ಉತ್ತರದಲ್ಲಿ ಬರೆಯಬಹುದು. ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ನಾಟಕ ಆಡಬಹುದು, ನೋಡುವವರು ಮಕ್ಕಳು, ಶಿಕ್ಷಕರು, ತಂದೆತಾಯಿ, ಶಾಲೆಗೆ ಸಂಬಂಧಪಟ್ಟವರು ಆಗಿದ್ದರೆ ಸಾಕು. ದೃಷ್ಟಿ ಇಲ್ಲದವರಿಗಾಗಿ ಬ್ರೈಲ್, ಆಡಿಯೊ ಮುಂತಾದ ರೂಪಗಳಲ್ಲಿ ಪ್ರತಿ ಮಾಡುವ ಅವಕಾಶವನ್ನು 2012ರ ತಿದ್ದುಪಡಿ ಕೊಟ್ಟಿತು. ಅದಕ್ಕೆ ಹೊಂದುವ ಮರಾಕೇಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ.

ದೆಹಲಿಯ ಒಂದು ಜೆರಾಕ್ಸ್ ಅಂಗಡಿಯ ಕಥೆ ಇಲ್ಲಿ ತಿಳಿದಿರಬೇಕು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ರಾಮೇಶ್ವರಿ ಫೋಟೊಕಾಪಿ ಸರ್ವಿಸಸ್, ಹಲವು ಪುಸ್ತಕಗಳ ಅಧ್ಯಾಯಗಳನ್ನು ಒಟ್ಟು ಹೊಲಿದು ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು 2012ರಲ್ಲಿ ದಾವೆ ಹೂಡಿದವು. 2016ರ ಸೆಪ್ಟೆಂಬರ್ 16ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ದಾವೆಯನ್ನು ವಜಾ ಮಾಡಿದರು. ಹಕ್ಕುಸ್ವಾಮ್ಯ ದೈವದತ್ತವಾದದ್ದಲ್ಲ, ಜ್ಞಾನ ಬೆಳೆಯಲಿ ಎಂದು ಶಾಸನ ಮಾಡಿಕೊಟ್ಟ ಹಕ್ಕು ಎಂಬ ಧಾಟಿ ಆ ತೀರ್ಪಿನದು. ಡಿಸೆಂಬರಿನಲ್ಲಿ ವಿಭಾಗೀಯ ಪೀಠ, ಬೋಧನೆ ಎಂದರೆ ನಾಲ್ಕು ಗೋಡೆಯೊಳಗಿನ ಉಪನ್ಯಾಸವಷ್ಟೇ ಅಲ್ಲ, ಅದಕ್ಕೆ ಬೇಕಾದಷ್ಟನ್ನು ಪ್ರತಿ ಮಾಡಬಹುದು, ಪುಟ ಎಣಿಸಬೇಕಿಲ್ಲ ಎಂದಿತು. ಪ್ರಕಾಶಕರು 2017ರ ಮಾರ್ಚಿನಲ್ಲಿ ದಾವೆ ಹಿಂತೆಗೆದುಕೊಂಡರು. ಸಿಂಧನೂರಿನ ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಯವನಿಗೆ ಇದು ಗೊತ್ತಿರಲಾರದು, ಆದರೆ ಪಠ್ಯಕ್ರಮಕ್ಕೆ ಬೇಕಾದ ಅಧ್ಯಾಯಗಳ ಮಟ್ಟಿಗೆ ಅವನ ಬೆನ್ನಿಗೆ ಈ ತೀರ್ಪು ಇದೆ. ಇಡೀ ಗೈಡನ್ನು ಅಚ್ಚಿಗಿಂತ ಅಗ್ಗವಾಗಿ ಸ್ಪೈರಲ್ ಬೈಂಡ್ ಮಾಡಿ ಮಾರುವವನ ಬೆನ್ನಿಗೆ ಇಲ್ಲ. ವ್ಯಾಪಾರಕ್ಕಾಗಿ ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ.

ತೊಡಕು ಶುರುವಾಗುವುದು ಪಾಠ ಗೋಡೆ ದಾಟಿದಾಗ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು, ಊರಿನ ಗುಡಿ ಕಟ್ಟೆಯ ಮೇಲೆ ‘ವಿದ್ಯಾಗಮ’, ಉಳಿದದ್ದು ವಾಟ್ಸಾಪ್. ತರಗತಿಯಲ್ಲಿ ನಲವತ್ತು ಮಕ್ಕಳಿಗೆ ತೋರಿಸಿದರೆ ವಿನಾಯಿತಿ ಇದ್ದ ಚಿತ್ರ, ಯೂಟ್ಯೂಬಿಗೆ ಏರಿದೊಡನೆ ಸಾರ್ವಜನಿಕರಿಗೆ ತಲುಪಿಸಿದ ಚಿತ್ರವಾಯಿತು. ಕಾನೂನಿನಲ್ಲಿ ಪ್ರತಿ ಮಾಡುವುದು ಒಂದು ಹಕ್ಕು, ಸಾರ್ವಜನಿಕರಿಗೆ ತಲುಪಿಸುವುದು ಇನ್ನೊಂದು ಹಕ್ಕು. ಬೋಧನೆಯ ವಿನಾಯಿತಿ ಬರೆದಿರುವುದು ಮೊದಲನೆಯದರ ಭಾಷೆಯಲ್ಲಿ. ವಾರ್ಷಿಕೋತ್ಸವದ ನಾಟಕವೂ ಹಾಗೆ: ಅಂಗಳದಲ್ಲಿ ಆಡಿದ್ದಕ್ಕೆ ರಕ್ಷಣೆ ಇದೆ, ಅದರ ವಿಡಿಯೊ ಏರಿಸಿದ್ದಕ್ಕೆ ನಾಟಕಕಾರರ ಒಪ್ಪಿಗೆ ಬೇಕು.

ಇನ್ನೊಂದು ಮೋಜಿನ ಸಂಗತಿ. ಇದೇ ಅಧಿನಿಯಮ ‘ಪ್ರದರ್ಶಕ’ ಎಂದರೆ ಯಾರು ಎಂದು ಹೇಳುವಾಗ ನಟ, ಗಾಯಕ, ನರ್ತಕ, ದೊಂಬರಾಟದವನು, ಜಾದೂಗಾರ, ಹಾವಾಡಿಗ ಎಂದೆಲ್ಲ ಎಣಿಸಿ, ಉಪನ್ಯಾಸ ಮಾಡುವವರನ್ನೂ ಅದೇ ಸಾಲಿನಲ್ಲಿ ಕೂರಿಸಿದೆ. ಮೇಷ್ಟ್ರಿಗೆ ಇದರಿಂದ ಬೇಸರವಾಗಬೇಕಿಲ್ಲ. ಅವರ ಪಾಠವನ್ನು ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಆ್ಯಪ್‌ನಲ್ಲಿ ಮಾರುವ ಸಂಸ್ಥೆಯ ವಿರುದ್ಧ ಅವರಿಗೆ ಹಕ್ಕು ಸಿಗುವುದು ಹಾವಾಡಿಗನ ಪಕ್ಕ ಕೂತದ್ದರಿಂದಲೇ.

ಪರವಾನಗಿಯ ಅಕ್ಷರಗಳು

ಕಾನೂನು ಬಿಟ್ಟ ಈ ತೆರಪನ್ನು ತುಂಬಲು ಬಂದದ್ದು ಮುಕ್ತ ಪರವಾನಗಿ. ಎಂಐಟಿ 2001ರಲ್ಲಿ ತನ್ನ ಪಾಠಸಾಮಗ್ರಿಯನ್ನು ಜಾಲದಲ್ಲಿ ತೆರೆದಿಡುವುದಾಗಿ ಸಾರಿತು. ಅದೇ ವರ್ಷ ಹುಟ್ಟಿದ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಎಂಬ ಸಂಸ್ಥೆ 2002ರ ಡಿಸೆಂಬರಿನಲ್ಲಿ ಮೊದಲ ಪರವಾನಗಿಗಳನ್ನು ಹೊರಡಿಸಿತು. ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಪದ ಯುನೆಸ್ಕೊ 2002ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಸಿದ ಸಭೆಯದು. ಈಗ ಬಳಕೆಯಲ್ಲಿರುವ ಪರವಾನಗಿಯ 4.0 ಆವೃತ್ತಿ 2013ರದು.

ಪರವಾನಗಿ ನಾಲ್ಕು ಷರತ್ತುಗಳ ಜೋಡಣೆ. ಬೈ ಎಂದರೆ ಹೆಸರು ಹೇಳಬೇಕು. ಎಸ್‌ಎ ಎಂದರೆ ತಿದ್ದಿದ ರೂಪವನ್ನೂ ಇದೇ ಷರತ್ತಿನಲ್ಲಿ ಬಿಡಬೇಕು. ಎನ್‌ಸಿ ಎಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎನ್‌ಡಿ ಎಂದರೆ ಬದಲಿಸಿದ್ದನ್ನು ಹಂಚುವಂತಿಲ್ಲ. ಕನ್ನಡದ ಶಿಕ್ಷಕರಿಗೆ ಇವುಗಳಲ್ಲಿ ಹೆಚ್ಚು ಕಾಡುವುದು ಕೊನೆಯದು, ಯಾಕೆಂದರೆ ಅನುವಾದವೂ ಬದಲಾವಣೆಯೇ. ಇಂಗ್ಲಿಷಿನ ಒಳ್ಳೆಯ ಪಾಠ ಎನ್‌ಡಿ ಹೊತ್ತು ಬಂದರೆ ನಮ್ಮ ಮಕ್ಕಳಿಗೆ ಅದು ಬಿಟ್ಟಿ ಸಿಕ್ಕಿಯೂ ಸಿಗದ ಹಾಗೆ.

ಎನ್‌ಸಿ ಇರುವ ಪಾಠವನ್ನು ಜೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಪ್ರತಿ ಮಾಡಿಸಬಹುದೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಕೋರ್ಟಿಗೆ ಹೋಯಿತು. ಗ್ರೇಟ್ ಮೈಂಡ್ಸ್ ಎಂಬ ಸಂಸ್ಥೆ ಫೆಡೆಕ್ಸ್ ಆಫೀಸ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ 2018ರಲ್ಲಿ, ಶಾಲೆ ತನ್ನ ಕೆಲಸಕ್ಕೆ ಅಂಗಡಿಯ ಯಂತ್ರ ಬಳಸಿಕೊಂಡರೆ ಶಾಲೆಯೇನೂ ವ್ಯಾಪಾರ ಮಾಡಿದಂತಾಗದು, ಅಂಗಡಿಯದೂ ತಪ್ಪಲ್ಲ ಎಂದಿತು. ಭಾರತದ ಕೋರ್ಟುಗಳನ್ನು ಅದು ಕಟ್ಟಿಹಾಕುವುದಿಲ್ಲ, ತರ್ಕ ಮಾತ್ರ ರಾಮೇಶ್ವರಿಯ ಹತ್ತಿರದ ನೆಂಟ.

ಹೆಸರು ಹೇಳುವುದು ಹೇಗೆ ಎಂಬುದನ್ನು ಒಂದು ಸಾಲಿನಲ್ಲಿ ತೋರಿಸಬಹುದು. ವಿಕಿಮೀಡಿಯ ಕಾಮನ್ಸಿನಿಂದ ಇಳಿಸಿಕೊಂಡ ಮಸ್ಕಿ ಶಾಸನದ ಫೋಟೊದ ಕೆಳಗೆ ಹೀಗೆ ಬರೆದರೆ ಸಾಕು: ‘ಮಸ್ಕಿ ಶಾಸನ. ಚಿತ್ರ: ಇಂಥವರು. ವಿಕಿಮೀಡಿಯ ಕಾಮನ್ಸ್. ಸಿಸಿ ಬೈ-ಎಸ್‌ಎ 4.0. ಅಂಚು ಕತ್ತರಿಸಲಾಗಿದೆ.’ ಏನು, ಯಾರದು, ಎಲ್ಲಿಂದ, ಯಾವ ಷರತ್ತಿನಲ್ಲಿ, ತಾನು ಏನು ಬದಲಿಸಿದೆ ಎಂಬ ಐದೂ ಬಂದವು. ಬಹುಪಾಲು ಸ್ಲೈಡುಗಳಲ್ಲಿ ಇದರ ಬದಲು ‘ಕೃಪೆ: ಗೂಗಲ್’ ಎಂದಿರುತ್ತದೆ. ಗೂಗಲ್ ಹುಡುಕಿಕೊಟ್ಟಿತಷ್ಟೇ, ಕೃಪೆ ಮಾಡಿದವರು ಬೇರೆ.

ಕನ್ನಡದಲ್ಲಿ ಆದದ್ದು

ಈ ವಿಷಯದಲ್ಲಿ ಕನ್ನಡಕ್ಕೆ ಹೇಳಿಕೊಳ್ಳುವಂಥ ಉದಾಹರಣೆಗಳಿವೆ. ಮೈಸೂರು ವಿಶ್ವವಿದ್ಯಾನಿಲಯ 14 ಸಂಪುಟಗಳ ಕನ್ನಡ ವಿಶ್ವಕೋಶದ ಪಠ್ಯವನ್ನು 2014ರಲ್ಲಿ ಸಿಸಿ ಬೈ-ಎಸ್‌ಎ ಅಡಿಯಲ್ಲಿ ಬಿಟ್ಟುಕೊಟ್ಟಿತು. ಅದರ ಲೇಖನಗಳು ಕನ್ನಡ ವಿಕಿಸೋರ್ಸಿಗೂ 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೂ ಬಂದವು. ಸಂಪುಟಗಳು ಅಚ್ಚಾದಾಗ ಮಸ್ಕಿ ತಾಲ್ಲೂಕಾಗಿರಲಿಲ್ಲ, ಈ ಸೀಮೆಗೆ ಕಲ್ಯಾಣ ಕರ್ನಾಟಕ ಎಂಬ ಹೆಸರೂ ಇರಲಿಲ್ಲ. ಅಚ್ಚಿನ ಸಂಪುಟ ಹಾಗೇ ಉಳಿಯುತ್ತದೆ. ವಿಕಿಪೀಡಿಯಕ್ಕೆ ಬಂದ ಲೇಖನವನ್ನು ಮಸ್ಕಿಯ ವಿದ್ಯಾರ್ಥಿಯೊಬ್ಬ ಕೂತಲ್ಲಿಂದಲೇ ತಿದ್ದಬಹುದು, ಯಾರ ಅಪ್ಪಣೆಯೂ ಬೇಡ. ನನ್ನ ಮಟ್ಟಿಗೆ ಮುಕ್ತ ಪರವಾನಗಿಯ ತಿರುಳು ಈ ತಿದ್ದುವ ಹಕ್ಕು, ಬಿಟ್ಟಿ ಸಿಗುವುದು ಅದರ ಜೊತೆಗೆ ಬಂದ ಲಾಭ. ಅದೇ ಕಾಲದಲ್ಲಿ ನಿರಂಜನರ 55 ಪುಸ್ತಕಗಳನ್ನು ಅವರ ಕುಟುಂಬ ಇಂಥದೇ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ಯನ್ನು ಸಂಪಾದಿಸಿದವರ ಮನೆಯಿಂದ ಇದು ಬಂದದ್ದು ಸಹಜವೇ.

ಶಾಲೆಗಳ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ಯೋಜನೆ. ಕೋಯರ್ ಎಂದು ಕರೆಯುವ ಇದನ್ನು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸೇರಿ 2013ರ ಹೊತ್ತಿಗೆ ಕಟ್ಟಿದವು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶವೇ ಇದಕ್ಕೂ ಅಡಿಪಾಯ. ಸರ್ಕಾರಿ ಪ್ರೌಢಶಾಲೆಗಳ ವಿಷಯ ಶಿಕ್ಷಕರೇ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪುಟಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದರು. ಉಬುಂಟು, ಜಿಯೋಜೀಬ್ರಾ ಎಂಬ ತಂತ್ರಾಂಶಗಳನ್ನು ಬಳಸಲು ಕಲಿತರು. ಮೇಲಿನಿಂದ ಬಂದ ಸಿದ್ಧಪಾಠವನ್ನು ಕೆಳಗೆ ದಾಟಿಸುವ ರೂಢಿಗೆ ಇದು ತಿರುಗುಮುರುಗಾದ ದಾರಿ.

ಉಳಿದವನ್ನು ಬೇಗ ಹೇಳಿಬಿಡಬಹುದು. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಕಾಲೇಜು ಮಟ್ಟದ ಎಂಜಿನಿಯರಿಂಗ್, ವಿಜ್ಞಾನದ ಪಾಠಗಳ ಕಣಜ. ಕೇಂದ್ರ ಸರ್ಕಾರದ ಸ್ವಯಂ ವೇದಿಕೆ 2017ರ ಜುಲೈ 9ರಂದು, ಶಾಲೆಗಳ ದೀಕ್ಷಾ ಅದೇ ವರ್ಷದ ಶಿಕ್ಷಕರ ದಿನದಂದು ಶುರುವಾದವು. ಖಾನ್ ಅಕಾಡೆಮಿಯ ಕನ್ನಡ ಪಾಠಗಳು ಎನ್‌ಸಿ ಷರತ್ತಿನವು. ದೀಕ್ಷಾ ನಡೆಯುವ ಸನ್‌ಬರ್ಡ್ ತಂತ್ರಾಂಶ ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದ್ದು, ಅದೂ ಮುಕ್ತ. ಪಠ್ಯಪುಸ್ತಕದ ಅಧ್ಯಾಯದ ಮೇಲಿರುವ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದರೆ ವಿಡಿಯೊ ತೆರೆದುಕೊಳ್ಳುತ್ತದೆ. ಅದರ ವಿವರದಲ್ಲಿ ಕೆಳಕ್ಕೆ ಹೋದರೆ ಪರವಾನಗಿಯ ಮಾಹಿತಿ ಎಂಬ ಸಾಲಿದೆ. ಒತ್ತಿದರೆ ಇದನ್ನು ಮಾಡಿದವರು ಯಾರು, ಮರುಬಳಕೆಗೆ ಎಷ್ಟು ಅವಕಾಶ ಎಂಬುದು ಕಾಣುತ್ತದೆ. ಒತ್ತುವವರು ಅಪರೂಪ. ತಮಾಷೆ ಎಂದರೆ, ವಿಡಿಯೊವನ್ನು ತಿದ್ದಿ ಬಳಸುವ ಅನುಮತಿ ಅಲ್ಲಿರಬಹುದು. ಆ ಕೋಡ್ ಅಚ್ಚಾದ ಪುಸ್ತಕಕ್ಕೆ ಆ ಅನುಮತಿ ಇಲ್ಲ.

ಕ್ಯಾಂಪು, ನೋಟ್ಸು, ಅಲಾಯಿ ಪದ

ಸಿಂಧನೂರು ತಾಲ್ಲೂಕಿನ ಭಾಷಾ ನಕ್ಷೆ ಬೇರೆ ಕಡೆಗಿಂತ ವಿಚಿತ್ರ. ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪುಗಳಲ್ಲಿ ತೆಲುಗು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಕೊಟ್ಟ ಆರ್‌ಎಚ್ ಕ್ಯಾಂಪುಗಳಲ್ಲಿ ಬಂಗಾಳಿ. ಲಿಂಗಸುಗೂರು, ಮಸ್ಕಿ ಕಡೆಯ ತಾಂಡಾಗಳಲ್ಲಿ ಲಂಬಾಣಿ. ಶಾಲೆಗೆ ಬಂದರೆ ಎಲ್ಲರಿಗೂ ಕನ್ನಡ. ಮನೆಮಾತಿನ ಕಥೆಯ ಪಕ್ಕ ಕನ್ನಡದ ಕಥೆ ಇಟ್ಟು ಓದಿಸುವ ಪುಸ್ತಕ ಇಂಥ ಕಡೆ ಬೇಕು, ಅಂಥ ಸಣ್ಣ ಮಾರುಕಟ್ಟೆಗೆ ಯಾವ ಪ್ರಕಾಶಕರೂ ಅದನ್ನು ತರುವುದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರಿನಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದ ಕಥೆಗಳು ಸಿಸಿ ಬೈ ಅಡಿಯಲ್ಲಿವೆ. ಒಂದೇ ಕಥೆಯ ಬಂಗಾಳಿ, ಕನ್ನಡ ಪಠ್ಯಗಳನ್ನು ಎದುರುಬದುರು ಪುಟದಲ್ಲಿ ಜೋಡಿಸಿ, ಲೇಖಕರು, ಚಿತ್ರಕಾರರು, ಅನುವಾದಕರ ಹೆಸರು ಹಾಕಿ ಆರ್‌ಎಚ್ ಕ್ಯಾಂಪಿನ ಶಾಲೆ ನೂರು ಪ್ರತಿ ಮಾಡಿಸಿಕೊಂಡರೆ ಯಾರಿಗೂ ಪತ್ರ ಬರೆಯಬೇಕಿಲ್ಲ. ಲಂಬಾಣಿಯಲ್ಲಿ ಪಠ್ಯ ಇಲ್ಲದಿದ್ದರೆ ತಾಂಡಾದ ಶಿಕ್ಷಕಿಯೇ ಕನ್ನಡ ಲಿಪಿಯಲ್ಲಿ ಬರೆದು ಸೇರಿಸಬಹುದು.

ಸ್ಪರ್ಧಾ ಪರೀಕ್ಷೆಯ ಲೋಕದ ರೂಢಿಯೇ ಬೇರೆ. ಪೊಲೀಸ್, ಎಫ್‌ಡಿಎ, ಶಿಕ್ಷಕರ ನೇಮಕಾತಿಗೆ ಓದುವ ಹುಡುಗ ಹುಡುಗಿಯರ ಮೊಬೈಲಿನಲ್ಲಿ ಟೆಲಿಗ್ರಾಂ ಗುಂಪುಗಳಿಂದ ಬಂದ ಪಿಡಿಎಫ್‌ಗಳ ರಾಶಿ. ಯಾರೋ ಕೈಬರಹದಲ್ಲಿ ಬರೆದ ನೋಟ್ಸ್, ಅದರ ಮೇಲೆ ಇನ್ಯಾರದೋ ವಾಟರ್‌ಮಾರ್ಕ್, ಅದರ ಮೇಲೆ ಮೂರನೆಯವರ ಫೋನ್ ನಂಬರು. ಇಲ್ಲಿ ಎಲ್ಲವೂ ಬಿಟ್ಟಿ, ಯಾವುದೂ ಮುಕ್ತವಲ್ಲ. ಮೂಲ ಬರೆದವರ ಹೆಸರು ಕಳೆದುಹೋದ್ದರಿಂದ ತಪ್ಪಿದ್ದರೆ ತಿದ್ದಿಸುವುದಕ್ಕೂ ದಾರಿಯಿಲ್ಲ, ಒಂದೇ ತಪ್ಪು ಇಸವಿ ಹತ್ತು ಗುಂಪು ಸುತ್ತುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳಾದರೂ ಎಲ್ಲರವು ಎಂದುಕೊಳ್ಳುವುದುಂಟು. ಪ್ರಶ್ನೆಪತ್ರಿಕೆಯೂ ಸಾಹಿತ್ಯ ಕೃತಿಯೇ ಎಂದು ಅಲಹಾಬಾದ್ ಹೈಕೋರ್ಟ್ 1967ರಷ್ಟು ಹಿಂದೆಯೇ ಹೇಳಿದೆ. ಅಧಿನಿಯಮ, ನ್ಯಾಯಾಲಯದ ತೀರ್ಪು, ಗೆಜೆಟ್ಟಿನಲ್ಲಿ ಬಂದದ್ದು ಇವುಗಳನ್ನು ಪ್ರತಿ ಮಾಡಲು ಮಾತ್ರ ಕಾನೂನೇ ಅವಕಾಶ ಕೊಟ್ಟಿದೆ.

ಸರ್ಕಾರಿ ಶಾಲೆಯ ಶಿಕ್ಷಕಿ ಬರೆದ ನೋಟ್ಸನ್ನು ಆಕೆಯೇ ಮುಕ್ತ ಪರವಾನಗಿಯಲ್ಲಿ ಬಿಡಬಹುದೇ? ನೌಕರಿಯ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ಉದ್ಯೋಗ ಕೊಟ್ಟವರದು ಎನ್ನುತ್ತದೆ 17ನೇ ಕಲಂ. ರಾತ್ರಿ ಮನೆಯಲ್ಲಿ ತನ್ನ ಖುಷಿಗೆ ಬರೆದದ್ದು ನೌಕರಿಯ ಭಾಗವೇ ಎಂಬಲ್ಲಿ ವಾದಕ್ಕೆ ಜಾಗ ಇದೆ. ಸಾರ್ವಜನಿಕ ಹಣದಲ್ಲಿ ತಯಾರಾದ ಪಾಠಗಳನ್ನು ಮುಕ್ತವಾಗಿ ಬಿಡಿ ಎಂದು ಯುನೆಸ್ಕೊ 2019ರ ನವೆಂಬರಿನಲ್ಲಿ ಶಿಫಾರಸು ಮಾಡಿದೆ. ಇಲಾಖೆ ಒಂದು ಸಾಲಿನ ಸುತ್ತೋಲೆ ಹೊರಡಿಸಿದರೆ ಈ ಗೊಂದಲ ತೀರುತ್ತದೆ.

ಒಡೆತನದ ಪ್ರಶ್ನೆ ಹಾಡಿಗೂ ಬರುತ್ತದೆ. ಮುದಗಲ್ಲಿನ ಮೊಹರಂಗೆ ದೂರದ ಊರುಗಳಿಂದ ಜನ ಸೇರುತ್ತಾರೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು ಹಾಡುವ ಪದಗಳಿಗೆ ಕರ್ತೃ ಗೊತ್ತಿಲ್ಲ, ಅವಕ್ಕೆ ಹಕ್ಕುಸ್ವಾಮ್ಯವೂ ಇಲ್ಲ. ಆದರೆ ಒಬ್ಬ ಹಾಡುಗಾರ ಒಂದು ರಾತ್ರಿ ಹಾಡಿದ ಹಾಡುಗಾರಿಕೆಯ ಮೇಲೆ ಅವನಿಗೆ 50 ವರ್ಷ ಪ್ರದರ್ಶಕನ ಹಕ್ಕಿದೆ. ಅದನ್ನು ರೆಕಾರ್ಡ್ ಮಾಡಿದವರಿಗೆ ಧ್ವನಿಮುದ್ರಣದ ಮೇಲೆ ಪ್ರತ್ಯೇಕ ಹಕ್ಕಿದೆ. ಜಾನಪದದ ಪಾಠಕ್ಕಾಗಿ ಆ ಪದವನ್ನು ಸಿಸಿ ಬೈ-ಎಸ್‌ಎ ಎಂದು ಜಾಲಕ್ಕೆ ಏರಿಸಬೇಕಾದರೆ ಫೋನ್ ಹಿಡಿದವರ ಒಪ್ಪಿಗೆ ಒಂದೇ ಸಾಲದು, ಹಾಡಿದವನ ಒಪ್ಪಿಗೆ ಬರಹದಲ್ಲಿ ಬೇಕು. ಅವನಿಗೆ ಓದಲು ಬಾರದಿದ್ದರೆ ಕಾಗದವನ್ನು ಕನ್ನಡದಲ್ಲಿ, ಬೇಕಾದರೆ ದಖನಿಯಲ್ಲಿ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಧ್ವನಿಮುದ್ರಣದ ಕೆಳಗಿನ ಸಾಲಿನಲ್ಲಿ ಮೊದಲು ಬರಬೇಕಾದ ಹೆಸರೂ ಅವನದೇ.